ಎಡಗಡೆಯ ಕೆಳಮೂಲೆ

ಹಳೆಯ ಲ್ಯಾಪ್‌ಟಾಪ್ ಪೂರ್ತಿ ಕೈಕೊಡುವ ಮುಂಚೆ ಅದರಲ್ಲಿರುವ ಫೋಟೊಗಳನ್ನೆಲ್ಲ ಬೇರೆ ಡಿಸ್ಕಿಗೆ ಸುರಿದುಬಿಡೋಣ ಅಂತ ಒಂದು ಭಾನುವಾರ ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಆದರೆ ಕಾಪಿ ಆಗುತ್ತಿರುವ ಫೈಲುಗಳ ಲೆಕ್ಕ ಯಾಕೋ ಜಾಸ್ತಿ ತೋರಿಸುತ್ತಿತ್ತು. ಇಷ್ಟೊಂದು ಫೋಟೊ ನನ್ನ ಹತ್ತಿರ ಇಲ್ಲವಲ್ಲ? ಕೆದಕಿ ನೋಡಿದರೆ ಫೋಲ್ಡರುಗಳ ಹೊಟ್ಟೆಯೊಳಗೆ ಇನ್ನೊಂದೊಂದು ಫೋಲ್ಡರ್ ಅಡಗಿ ಕೂತಿದೆ. ಹೆಸರು ‘ಪಿಕಾಸಾ ಒರಿಜಿನಲ್ಸ್’.

ಪಿಕಾಸಾ ನೆನಪಿದೆ ಅಲ್ವಾ? 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸುವವರೆಗೂ ನಮ್ಮಂಥ ಹವ್ಯಾಸಿಗಳಿಗೆ ಅದೇ ಡಾರ್ಕ್‌ರೂಮು. ಪುಕ್ಕಟೆ, ಸುಲಭ. ಫೋಟೊ ತಿದ್ದಿ ಸೇವ್ ಒತ್ತಿದರೆ ತಿದ್ದಿದ್ದು ಮೇಲೆ ಉಳಿಯುತ್ತಿತ್ತು. ಮೂಲ ಫೋಟೊವನ್ನು ಅದು ಸದ್ದಿಲ್ಲದೆ ಒಂದು ಗುಪ್ತ ಫೋಲ್ಡರಿನಲ್ಲಿ ಎತ್ತಿಡುತ್ತಿತ್ತು, ಇವನಿಗೆ ಎಂದಾದರೂ ಬುದ್ಧಿ ಬಂದೀತು ಅನ್ನೋ ಹಾಗೆ. ಬುದ್ಧಿ ಬರೋಕೆ ಹದಿನೈದು ವರ್ಷ ಹಿಡಿಯಿತು.

ತಿದ್ದುವುದು ಅಂದರೆ ನನಗೆ ಮುಖ್ಯವಾಗಿ ಕತ್ತರಿಸುವುದು. 2007ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡಾಗಿನಿಂದ ತಲೆಯಲ್ಲಿ ಒಂದೇ ಜಪ: ಫ್ರೇಮು ಕ್ಲೀನಾಗಿರಬೇಕು. ಕರೆಂಟು ತಂತಿ ಬೇಡ. ಪ್ಲಾಸ್ಟಿಕ್ ಬಿಂದಿಗೆ ಬೇಡ. ಬೋರ್ಡು ಬೇಡ, ಬೈಕು ಬೇಡ, ಅಡ್ಡ ಬಂದ ಮನುಷ್ಯರಂತೂ ಬೇಡವೇ ಬೇಡ. ಹೀಗೆ ಬೇಡ ಅಂದದ್ದೆಲ್ಲ ಆ ಫೋಲ್ಡರುಗಳಲ್ಲಿ ಹಾಗೇ ಇತ್ತು. ಸಂಜೆವರೆಗೂ ಅಲ್ಲಿಂದ ಏಳಲಿಲ್ಲ. ಕಾಫಿ ಆರಿಹೋಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ. 2010ರ ಫೆಬ್ರವರಿ. ಮೈಸೂರಿನಿಂದ ಗೆಳೆಯನ ಬೈಕಿನ ಹಿಂದೆ ಕೂತು ಹೋಗಿದ್ದೆ. ಮದ್ದೂರು ದಾಟಿ, ರುದ್ರಾಕ್ಷಿಪುರದ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ಹನ್ನೆರಡು ಕಿಲೋಮೀಟರ್ ಆಗಬಹುದು. ನೋಡಿದರೆ ಮಂಡ್ಯ ಕಡೆಯ ಮಾಮೂಲಿ ಊರು. ಕಬ್ಬಿನ ಗಾಡಿ, ಹಾಲಿನ ಡೈರಿ, ಜಗಲಿ ಮೇಲೆ ಕೂತ ಮುದುಕರು. ತಲೆ ಎತ್ತಿದರೆ ಮಾತ್ರ ಬೇರೆ ಲೋಕ. ಹುಣಸೆಮರದ ತುಂಬ, ಆಲದ ತುಂಬ ಗೂಡು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಚಳಿಗಾಲದಲ್ಲಿ ಬಂದು ಮೊಟ್ಟೆ ಇಟ್ಟು, ಮರಿ ಮಾಡಿ, ಮುಂಗಾರು ಹಿಡಿಯುವ ಹೊತ್ತಿಗೆ ಹೊರಟುಹೋಗುತ್ತವೆ.

ನಾನು ಎಲ್ಲರಿಗೂ ತೋರಿಸುತ್ತಿದ್ದ ಫೋಟೊದಲ್ಲಿ ಒಂದು ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕುತ್ತಿಗೆವರೆಗೂ ತಲೆ ತೂರಿಸಿದೆ. ಹಿಂದೆ ಬೆಳ್ಳಗಿನ ಆಕಾಶ. ಕಾಡಿನ ನಡುವೆ ಎಲ್ಲೋ ತೆಗೆದ ಹಾಗಿದೆ. ಇದನ್ನೇ ಒಂದು ಸ್ಪರ್ಧೆಗೆ ಕಳಿಸಿದ್ದೆ. ಮೊದಲ ಸುತ್ತಿನಲ್ಲೇ ವಾಪಸ್ ಬಂತು.

ಮೂಲ ಫೋಟೊ ತೆರೆದರೆ ಕೆಳಗಿನ ಅರ್ಧ ಒಂದು ಮನೆ. ನಾಡಹೆಂಚಿನ ಮಾಡು. ಅದರ ಮೇಲೊಂದು ಡಿಶ್ ಆ್ಯಂಟೆನಾ, ಹಿಕ್ಕೆ ಬಿದ್ದು ಬಿದ್ದು ಸುಣ್ಣ ಬಳಿದ ಹಾಗಾಗಿದೆ. ಎಡಗಡೆಯ ಕೆಳಮೂಲೆಯಲ್ಲಿ ಒಬ್ಬ ಅಜ್ಜಿ. ತಲೆಯ ಮೇಲೆ ಅಂಚು ಕಿತ್ತ ಹಳೇ ಮೊರವನ್ನು ಬೋರಲು ಹಾಕಿಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅಂಗಳ ಗುಡಿಸುತ್ತಿದ್ದಾಳೆ. ಮೇಲಿಂದ ಯಾವಾಗ ಏನು ಬೀಳುತ್ತೋ ಗೊತ್ತಿಲ್ಲ. ಹಿಕ್ಕೆ ಬೀಳಬಹುದು, ಅರ್ಧ ತಿಂದ ಮೀನೂ ಬೀಳಬಹುದು. ಮೊರವೇ ಅವಳ ಕೊಡೆ.

ಫೋಟೊ ನೋಡುತ್ತಲೇ ಅವಳ ಮಾತೂ ನೆನಪಾಯಿತು. ಇಷ್ಟು ಗಲೀಜು ಮಾಡುತ್ತವಲ್ಲ, ಬೇಜಾರಾಗಲ್ವಾ ಅಂತ ಕೇಳಿದ್ದೆ. “ಹೆಣ್ಮಕ್ಳು ಬಾಣಂತನಕ್ಕೆ ತೌರಿಗೆ ಬಂದವ್ರೆ, ಗಲೀಜು ಅಂತ ಓಡ್ಸಕ್ಕಾಯ್ತದಾ?” ಅಂದಿದ್ದಳು. ಆ ಊರಿನಲ್ಲಿ ಇದು ಎಲ್ಲರ ಬಾಯಲ್ಲಿರುವ ಮಾತು ಅಂತ ಆಮೇಲೆ ತಿಳಿಯಿತು. ಬಂದವರಿಗೆಲ್ಲ ಹೇಳಿ ಹೇಳಿ ರೂಢಿಯಾಗಿರಬಹುದು. ಆದರೆ ಮೊರ ಹೊತ್ತುಕೊಂಡು ಹೇಳುವಾಗ ಅದಕ್ಕೆ ಬೇರೆ ತೂಕ. ಇವರ ಲೆಕ್ಕದಲ್ಲಿ ಬರೀ ಮಮತೆ ಇಲ್ಲ, ವ್ಯವಹಾರವೂ ಇದೆ. ಮರದ ಕೆಳಗಿನ ಹಿಕ್ಕೆ ಮಣ್ಣಿನ ಜೊತೆ ಸೇರಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಕ್ಕಿ ಕೂತ ಮರದ ಹುಣಸೆ ಫಸಲು ಹಾಳಾಗುತ್ತದೆ, ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಯನ್ನು ತಂದೆತಾಯಿ ಕೆಳಗಿಳಿದು ಬಂದು ಸಾಕುವುದಿಲ್ಲ. ಅಂಥ ಮರಿಗಳನ್ನು ಊರಿನ ‘ಹೆಜ್ಜಾರ್ಲೆ ಬಳಗ’ದವರು ಬೇಲಿಯೊಳಗಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. 2007ರಲ್ಲಿ ಈ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಂದರೆ ಅಲ್ಲಿ ಹಕ್ಕಿಯ ಕಥೆ ಅಂದರೆ ಮನೆಯ ಕಥೆಯೇ. ನಾನು ಮನೆಯನ್ನು ಕತ್ತರಿಸಿ ಹಕ್ಕಿಯನ್ನು ಇಟ್ಟುಕೊಂಡಿದ್ದೆ.

ಇಲ್ಲೊಂದು ತಮಾಷೆ ಹೇಳಲೇಬೇಕು. ಸ್ಪರ್ಧೆಗಳ ‘ನೇಚರ್’ ವಿಭಾಗದಲ್ಲಿ ಮನುಷ್ಯನ ಗುರುತು ಇರಬಾರದು ಅನ್ನುವುದು ನಾವೆಲ್ಲ ಬಾಯಿಪಾಠ ಮಾಡಿದ ನಿಯಮ. ಫಿಯಾಪ್, ಪಿಎಸ್‌ಎ ಅನ್ನುವ ದೊಡ್ಡ ಫೋಟೊಗ್ರಫಿ ಸಂಸ್ಥೆಗಳು ಒಪ್ಪಿಕೊಂಡಿರುವ ವ್ಯಾಖ್ಯೆಯನ್ನು ನಾನು ಪೂರ್ತಿ ಓದಿದ್ದು ತೀರಾ ತಡವಾಗಿ. ಮನುಷ್ಯ ಮಾಡಿಕೊಂಡ ಪರಿಸರಕ್ಕೆ ಹೊಂದಿಕೊಂಡ ಜೀವಿಗಳಾದರೆ ಮನುಷ್ಯನ ಗುರುತು ಇರಬಹುದು ಅಂತ ಅದರಲ್ಲೇ ಬರೆದಿದೆ. ಉದಾಹರಣೆಗೆ ಅಂತ ಎರಡು ಹಕ್ಕಿಗಳ ಹೆಸರನ್ನೂ ಕೊಟ್ಟಿದ್ದಾರೆ. ಒಂದು ಕಣಜದ ಗೂಬೆ. ಇನ್ನೊಂದು ಕೊಕ್ಕರೆ! ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಫೋಟೊಕ್ಕೆ ಏನನ್ನೂ ಸೇರಿಸುವಂತಿಲ್ಲ, ಏನನ್ನೂ ಅಳಿಸುವಂತಿಲ್ಲ, ಕ್ರಾಪ್ ಮಾಡಿ ತೆಗೆದರೆ ಮಾತ್ರ ಅಡ್ಡಿಯಿಲ್ಲ. ಒಂದು ತಂತಿ ಅಳಿಸಿದರೆ ಮೋಸ, ಒಂದು ಇಡೀ ಮನೆ ಕತ್ತರಿಸಿದರೆ ಸರಿ. ನಿಯಮ ಮಾಡಿದವರನ್ನು ದೂರುತ್ತಿಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ. ಆದರೆ ಆ ಸಾಲು ಓದಿ ನನಗೆ ನಗು ಬಂತು.

ರಂಗನತಿಟ್ಟಿನ ಫೋಲ್ಡರನ್ನು ಬೇಗ ಬೇಗ ದಾಟಿದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ನಿಮ್ಮ ಹತ್ತಿರವೂ ಇದೇ ಫೋಟೊ ಇರುತ್ತದೆ. ದೋಣಿಯವನು ನಮ್ಮ ಲೆನ್ಸಿನ ಉದ್ದ ನೋಡಿಯೇ ಎಲ್ಲಿ ಹುಟ್ಟು ನಿಲ್ಲಿಸಬೇಕು ಅಂತ ಲೆಕ್ಕ ಹಾಕುತ್ತಾನೆ. ಆ ಫೋಟೊ ಅವನದ್ದು, ಬಟನ್ ಒತ್ತಿದ್ದು ಮಾತ್ರ ನಾವು.

ಆಮೇಲೆ ಹಂಪಿ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕಾಯಿತು.

2009ರ ಡಿಸೆಂಬರ್. ಹೊಸಪೇಟೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ವಿರೂಪಾಕ್ಷ ಬಜಾರಿನ ಈ ತುದಿಯಲ್ಲಿ ನಿಂತು ಆ ತುದಿಯ ಗೋಪುರ ತೆಗೆದಿದ್ದೆ. ಎಳೆ ಬಿಸಿಲು ಗೋಪುರದ ಮೇಲೆ ಬಿದ್ದು ಬೆಣ್ಣೆ ಸವರಿದ ಹಾಗಿತ್ತು. ಆಗ ಬಜಾರಿನ ಎರಡೂ ಬದಿಯ ಕಲ್ಲಿನ ಸಾಲುಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆಗಳಿದ್ದವು. ಕಂಬಕ್ಕೆ ಹಗ್ಗ ಕಟ್ಟಿ ಲುಂಗಿ ಒಣಹಾಕಿರುತ್ತಿದ್ದರು. ಇಂಗ್ಲಿಷಿನ ಜೊತೆ ಹೀಬ್ರೂ ಅಕ್ಷರದ ಬೋರ್ಡುಗಳೂ ಕಾಣುತ್ತಿದ್ದವು. ನಾನು ಕೆಳಗಿನ ಮೂರನೇ ಒಂದು ಭಾಗ ಕತ್ತರಿಸಿ ಎಸೆದು, ಬರೀ ಗೋಪುರ ಮತ್ತು ಆಕಾಶ ಇಟ್ಟುಕೊಂಡೆ. ಆಫೀಸಿನ ಗೋಡೆಗೆ ಹಾಕುವ ಕ್ಯಾಲೆಂಡರಿನ ಹಾಗೆ ಬಂದಿತ್ತು.

ಮೂಲದಲ್ಲಿ ಎಡಗಡೆ ಒಂದು ಮಂಟಪ. ಎರಡು ಕಂಬದ ನಡುವೆ ಸೀಮೆಎಣ್ಣೆ ಸ್ಟೌ. ಅದರ ಹಿಂದೆ ಒಬ್ಬ ಹೆಂಗಸು ಒಗ್ಗರಣೆ ಮಂಡಕ್ಕಿ ಕಲಸುತ್ತಾ ನೇರ ನನ್ನ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. ಮೊಣಕೈವರೆಗೆ ಅರಿಶಿನ. ಪಕ್ಕದಲ್ಲಿ ಬಾಣಲೆ, ಜರಡಿ ಸೌಟಿನ ಮೇಲೆ ಆಗತಾನೆ ಎತ್ತಿದ ಮಿರ್ಚಿ. ಕಂಬದ ಮೇಲಿನ ಕೆತ್ತನೆ ಹೊಗೆ ಹಿಡಿದು ಕಪ್ಪಾಗಿದೆ. ಅವಳ ಹತ್ತಿರವೇ ಆ ಬೆಳಿಗ್ಗೆ ತಿಂಡಿ ತಿಂದಿದ್ದು ನಾನು. ತಿಂದು, ಕೈ ತೊಳೆದು, ಅವಳನ್ನು ಕತ್ತರಿಸಿ ಹಾಕಿದೆ.

2011ರ ಜುಲೈನಲ್ಲಿ ಆ ಮಂಟಪಗಳನ್ನು ತೆರವು ಮಾಡಲಾಯಿತು. ಸ್ಮಾರಕ ಉಳಿಯಬೇಕು ಅನ್ನುವವರ ಮಾತಿನಲ್ಲಿ ಸತ್ಯವಿದೆ, ಆ ಹೊಗೆ ಹಿಡಿದ ಕಂಬ ನನ್ನ ಫೋಟೊದಲ್ಲೇ ಇದೆ. ಹಾಗಂತ ವರ್ಷಾನುಗಟ್ಟಲೆ ಅಲ್ಲೇ ಒಲೆ ಹಚ್ಚಿದವರನ್ನು ಒಂದೆರಡು ದಿನದಲ್ಲಿ ಎಬ್ಬಿಸಿದ್ದು ನನಗೆ ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ. 2014ರಲ್ಲಿ ಮತ್ತೆ ಹೋದೆ. ಅದೇ ಜಾಗದಲ್ಲಿ ನಿಂತೆ. ಎರಡೂ ಕಡೆ ಖಾಲಿ ಕಂಬಗಳು, ಎದುರಿಗೆ ಗೋಪುರ, ಮೇಲೆ ಆಕಾಶ. 2009ರಲ್ಲಿ ನನಗೆ ಬೇಕಾಗಿದ್ದ ಫೋಟೊ ತಾನಾಗಿಯೇ ಸಿಕ್ಕಿತ್ತು. ಕತ್ತರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಒಂದೆರಡು ಕ್ಲಿಕ್ ಮಾಡಿ ಕ್ಯಾಮೆರಾ ಮುಚ್ಚಿಟ್ಟೆ.

ಹಂಪಿಯನ್ನು ಮೊದಮೊದಲು ಕ್ಯಾಮೆರಾದಲ್ಲಿ ಹಿಡಿದವರಲ್ಲಿ ಒಬ್ಬನೂ ನಮ್ಮ ಹಾಗೆ ಹವ್ಯಾಸಿಯೇ. ಅಲೆಕ್ಸಾಂಡರ್ ಗ್ರೀನ್‌ಲಾ ಅಂತ, ಮದ್ರಾಸ್ ಸೈನ್ಯದ ಅಧಿಕಾರಿ. 1856ರಲ್ಲಿ ಆಳುದ್ದದ ಮುಳ್ಳುಪೊದೆಗಳ ನಡುವೆ ದೊಡ್ಡ ಮರದ ಕ್ಯಾಮೆರಾ ಹೊರಿಸಿಕೊಂಡು ತಿರುಗಿದ್ದ. ಆಗ ಫಿಲ್ಮ್ ಎಲ್ಲಿತ್ತು? ಕಾಗದಕ್ಕೇ ರಾಸಾಯನಿಕ ಬಳಿದು ನೆಗೆಟಿವ್ ಮಾಡಿಕೊಳ್ಳಬೇಕು. ಸೆಕೆಂಡಿನ ಭಾಗವಲ್ಲ, ಲೆನ್ಸನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಆ ನೆಗೆಟಿವ್‌ಗಳು ಎಷ್ಟೋ ಕಾಲ ಜನರ ಕಣ್ಣಿಗೆ ಬಿದ್ದಿರಲಿಲ್ಲ. ಸಿಕ್ಕ ಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅನ್ನುವ ಫೋಟೊಗ್ರಾಫರ್ ಗ್ರೀನ್‌ಲಾ ನಿಂತಲ್ಲೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು.

ಆ ಹಳೆಯ ಫೋಟೊಗಳಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥವೂ ಇದೆ. 2017ರಲ್ಲಿ ಬಂದ ಹೊಸ ಐವತ್ತು ರೂಪಾಯಿ ನೋಟಿನ ಹಿಂದೆ ಇದೆಯಲ್ಲ, ಅದೇ. ನೋಟಿನಲ್ಲಿ ರಥದ ತಲೆ ಚಪ್ಪಟೆ. ಗ್ರೀನ್‌ಲಾ ಫೋಟೊದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ. ಮುಂದೆ ಯಾವಾಗಲೋ ಅದನ್ನು ತೆಗೆದುಹಾಕಿದರು. ನಮಗೆಲ್ಲ ಚಪ್ಪಟೆ ತಲೆಯ ರಥವೇ ಸರಿಯಾದ ರಥ. ಗ್ರೀನ್‌ಲಾನಿಗೆ ಏನು ಉಳಿಯುತ್ತೆ, ಏನು ಹೋಗುತ್ತೆ ಅಂತ ಗೊತ್ತಿರಲು ಸಾಧ್ಯವಿಲ್ಲ. ಎದುರಿಗೆ ಇದ್ದದ್ದನ್ನು ಇದ್ದ ಹಾಗೆ ಹಿಡಿದ. ನನ್ನ ಹಾಗೆ ‘ಶಿಖರ ಸ್ವಲ್ಪ ಮುರುಕಲಾಗಿದೆ, ಕಲ್ಲಿನವರೆಗೆ ಮಾತ್ರ ಸಾಕು’ ಅಂದುಕೊಂಡಿದ್ದರೆ?

ಹೀಗೆಲ್ಲ ಬರೆಯುತ್ತಿದ್ದೇನೆ ಅಂತ ಕ್ರಾಪ್ ಮಾಡುವುದೇ ಪಾಪ ಅಂತಲ್ಲ. ನನ್ನದೇ ಹೆಬ್ಬೆರಳು ಅರ್ಧ ಲೆನ್ಸು ಮುಚ್ಚಿದ ಒಂದು ಡಜನ್ ಫೋಟೊ ಇವೆ, ಅವನ್ನು ಕತ್ತರಿಸಿದ್ದಕ್ಕೆ ನನಗೇನೂ ದುಃಖವಿಲ್ಲ. ಹುಳದ ಫೋಟೊ ತೆಗೆಯುವವರು ಹತ್ತಿರಕ್ಕೆ ಕತ್ತರಿಸಲೇಬೇಕು. ನನ್ನ ತಕರಾರು ನನ್ನ ಕಣ್ಣಿನ ಮೇಲೆ. ಏನು ಚಂದ, ಏನು ಗಲೀಜು ಅಂತ ಅದು ಅಷ್ಟು ಬೇಗ ತೀರ್ಮಾನ ಮಾಡುತ್ತಿತ್ತು. ಈಗಿನ ಮೊಬೈಲುಗಳಲ್ಲಂತೂ ಹಿಂದೆ ನಿಂತವರ ಮೇಲೆ ಬೆರಳಾಡಿಸಿದರೆ ಸಾಕು, ಮಾಯ.

ನಮ್ಮ ಮನೆಯಲ್ಲಿ ಈ ವಿಷಯದಲ್ಲಿ ನನಗಿಂತ ಬುದ್ಧಿವಂತೆ ನನ್ನ ಹೆಂಡತಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿರಬಹುದು. ಮಂಗಳೂರು, ಕೊಡಗಿನ ಕುಟ್ಟದ ಕಡೆ ಸೂರ್ಯ ಬೆಂಕಿ ಬಳೆಯಾಗಿ ಕಂಡ. ನಮಗೆ ಮೈಸೂರಿನಲ್ಲಿ ಬಳೆ ಪೂರ್ತಿಯಾಗಲಿಲ್ಲ, ತೆಳ್ಳಗಿನ ಕುಡುಗೋಲು. ನಾನು ತಿಂಗಳ ಮುಂಚೆಯೇ ಲೆನ್ಸಿಗೆ ಸೋಲಾರ್ ಫಿಲ್ಟರ್ ತರಿಸಿದ್ದೆ. ತಾರಸಿಯ ಮೇಲೆ ಟ್ರೈಪಾಡ್ ನೆಟ್ಟು ಕೂತೆ. ಮೋಡ ಬಂದು ಹೋಗಿ ಮಾಡುತ್ತಿತ್ತು. ಕಡೆಗೆ ಸಿಕ್ಕಿದ್ದು ಕಪ್ಪು ಕಾಗದದ ಮೇಲೆ ಉಗುರು ಕತ್ತರಿಸಿ ಇಟ್ಟಂಥ ಒಂದು ಗೆರೆ. ಆವತ್ತು ಊರಲ್ಲಿ ಎಷ್ಟೋ ಜನ ತೆಗೆದಿರುತ್ತಾರೆ, ನನಗಿಂತ ಚೆನ್ನಾಗಿ.

ಒಂಬತ್ತೂವರೆ ಹೊತ್ತಿಗೆ ಅವಳು ಕೆಳಗಿನಿಂದ ಕೂಗಿದಳು. ಗೇಟಿನ ಮುಂದಿನ ಹೊಂಗೆಮರದ ನೆರಳಿನಲ್ಲಿ, ಸಿಮೆಂಟು ನೆಲದ ತುಂಬ ನೂರಾರು ಪುಟ್ಟ ಪುಟ್ಟ ಕುಡುಗೋಲು ಸೂರ್ಯ. ಗಾಳಿ ಬಂದಾಗೆಲ್ಲ ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ಎಲೆಗಳ ನಡುವಿನ ಒಂದೊಂದು ಸಂದೂ ಸೂಜಿತೂತಿನ ಕ್ಯಾಮೆರಾದ ಹಾಗೆ ಕೆಲಸ ಮಾಡುತ್ತದೆ. ದಿನವೂ ನೆರಳಲ್ಲಿ ಬೀಳುವ ಗುಂಡು ಬೆಳಕಿನ ಚುಕ್ಕೆ ಸೂರ್ಯನ ಚಿತ್ರವೇ. ಸೂರ್ಯ ಗುಂಡಗಿರುವುದರಿಂದ ನಮಗೆ ಗಮನಕ್ಕೆ ಬರುವುದಿಲ್ಲ, ಅಷ್ಟೇ. ಪಕ್ಕದ ಮನೆಯವರು ಗ್ರಹಣ ಬಿಡುವವರೆಗೂ ಹೊರಗೆ ಬರುವವರಲ್ಲ. ಅವರೂ ಕಿಟಕಿಯಿಂದ ಬಗ್ಗಿ ನೋಡಿ “ಅಯ್ಯೋ, ಇದೇನ್ರೀ!” ಅಂದರು.

ಅವಳು ಮೊಬೈಲಲ್ಲಿ ತೆಗೆದ ಫೋಟೊದಲ್ಲಿ ಅರ್ಧ ಅಳಿಸಿದ ಹಿಂದಿನ ದಿನದ ರಂಗೋಲಿ ಇದೆ. ಅವಳ ಎಡಗಾಲು, ಹವಾಯಿ ಚಪ್ಪಲಿ ಸಮೇತ ಇದೆ. ಕಾಲಿನ ಮೇಲೆ ಮೂರು ಸೂರ್ಯ. “ಚೆನ್ನಾಗಿದೆ, ಕಾಲು ಕ್ರಾಪ್ ಮಾಡು” ಅಂದೆ. “ಕಾಲು ಇಲ್ದಿದ್ರೆ ಅದು ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗತ್ತೆ?” ಅಂದಳು. ಇಷ್ಟು ವರ್ಷವಾದರೂ ಮನೆಗೆ ಬಂದವರು ಕೇಳಿ ನೋಡುವುದು ಅವಳ ಫೋಟೊವನ್ನೇ. ನನ್ನ ಉಗುರಿನ ಗೆರೆಯನ್ನು ಯಾರೂ ಕೇಳಿಲ್ಲ.

ಇನ್ನೊಂದು ಫೋಟೊ ಇದೆ. ಅದರ ಮೂಲ ಯಾವ ಫೋಲ್ಡರಿನಲ್ಲೂ ಇಲ್ಲ.

ಅಪ್ಪ ಸಾಗರದಲ್ಲಿ ಶಾಲೆ ಮೇಷ್ಟ್ರು. ಸಾಗರದಲ್ಲಿ ಮನೆ ಮಾಡಿದವರಿಗೆ ಒಂದು ಕಾಯಂ ಡ್ಯೂಟಿ ಇರುತ್ತದೆ. ಬಂದ ನೆಂಟರನ್ನೆಲ್ಲ ಜೋಗಕ್ಕೆ ಕರೆದುಕೊಂಡು ಹೋಗುವುದು. ಬೇಸಿಗೆಯಲ್ಲಿ ಹೋದರೆ ನೀರಿಲ್ಲ, ಲಿಂಗನಮಕ್ಕಿಯಲ್ಲಿ ತಡೆದಿರುತ್ತಾರೆ. ಮಳೆಗಾಲದಲ್ಲಿ ಹೋದರೆ ಮಂಜು. 253 ಮೀಟರ್ ಎತ್ತರದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸದ್ದಿಗೆ ಮಾತ್ರ ಇವೆ, ಕಣ್ಣಿಗಿಲ್ಲ. ನಮ್ಮ ಆಲ್ಬಮ್ಮಿನಲ್ಲಿ ಒಂದು ಫೋಟೊ ಇದೆ: ಸೋದರಮಾವ, ಅತ್ತೆ, ಕೊಡೆ, ಹಿಂದೆ ಬರೀ ಬಿಳಿ. ಬೆನ್ನಿಗೆ ಅಪ್ಪನ ಗುಂಡು ಅಕ್ಷರದಲ್ಲಿ ‘ಜೋಗದ ಜಲಪಾತದ ಮುಂದೆ’ ಅಂತ ಬರೆದಿದೆ. ನಂಬಬೇಕು ಅಷ್ಟೇ.

ಅಪ್ಪನ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಫೋಟೊ, ಎಲ್ಲವೂ ಚೌಕ. ಹಿಂಬದಿಯಲ್ಲಿ ಪುಟ್ಟದೊಂದು ಕೆಂಪು ಕಿಟಕಿ. ತಿರುಗಣೆ ತಿರುಗಿಸುತ್ತಾ ಅದರಲ್ಲಿ ಮುಂದಿನ ನಂಬರ್ ಬರುವವರೆಗೂ ಕಾಯಬೇಕು. ಆ ಕೆಲಸ ನನ್ನದು. “ಏಳು ಬಂತು!” ಅಂತ ಕೂಗಬೇಕು. ಮರೆತರೆ ಒಂದರ ಮೇಲೊಂದು ಫೋಟೊ ಕೂತುಬಿಡುತ್ತಿತ್ತು. ಫ್ಲಾಷು ಇರಲಿಲ್ಲ. ಆಗಿನ ಎಲ್ಲರ ಹಾಗೆ ಅಪ್ಪನಿಗೂ ಗೊತ್ತಿದ್ದ ಸೂತ್ರ ಒಂದೇ: ಸೂರ್ಯ ಬೆನ್ನ ಹಿಂದಿರಬೇಕು. ಹಾಗೆ ನಿಂತರೆ ಎದುರಿಗಿರುವವರ ಮುಖಕ್ಕೆ ಬೆಳಕು ಬೀಳುತ್ತದೆ, ಅವರು ಕಣ್ಣು ಕಿರಿದು ಮಾಡಿಕೊಳ್ಳುತ್ತಾರೆ. ತೆಗೆಯುವವನ ನೆರಳು ಫೋಟೊದೊಳಕ್ಕೆ ಬಂದು ಬೀಳುತ್ತದೆ.

1983ರಲ್ಲಿ ಇಕ್ಕೇರಿಯಲ್ಲಿ ತೆಗೆದದ್ದು ಅದು. ಅಘೋರೇಶ್ವರ ದೇವಸ್ಥಾನದ ಮುಂದೆ ಹುಲ್ಲಿನ ಮೇಲೆ ಅಮ್ಮ, ನಾನು, ತಂಗಿ. ಸಂಜೆ ಬಿಸಿಲು. ಎಡಗಡೆಯ ಕೆಳಮೂಲೆಯಿಂದ ಅಪ್ಪನ ನೆರಳು ಉದ್ದಕ್ಕೆ ಬಂದಿದೆ. ಕ್ಯಾಮೆರಾ ಕಣ್ಣಿಗಿಟ್ಟು ಎರಡೂ ಮೊಣಕೈ ಆಚೆ ಚಾಚಿದ್ದರಿಂದ ಎರಡು ಹಿಡಿಯ ಪಾತ್ರೆಯ ಹಾಗೆ ಕಾಣುತ್ತದೆ. ನೆರಳಿನ ತಲೆ ಅಮ್ಮನ ಸೀರೆಯ ಅಂಚು ಮುಟ್ಟಿದೆ. ತಂಗಿ ಬರಿಗಾಲಲ್ಲಿ ಸರಿಯಾಗಿ ಅದರ ಭುಜದ ಮೇಲೆ ನಿಂತಿದ್ದಾಳೆ.

ಇಷ್ಟೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ಅಪ್ಪ 1996ರಲ್ಲಿ ತೀರಿಕೊಂಡರು. 2012ರಲ್ಲಿ ಅಮ್ಮನ ಅರವತ್ತಕ್ಕೆ ಅಂತ ಈ ಫೋಟೊವನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿದೆ. ಕೌಂಟರಿನಲ್ಲಿದ್ದ ಹುಡುಗ ಹೇಗೆ ಬೇಕು ಅಂತ ಕೇಳಿದ. “ಕೆಳಗಡೆ ನೆರಳಿದೆ ನೋಡಿ, ಅದನ್ನು ತೆಗೆದುಬಿಡಿ” ಅಂತ ನಾನೇ ಹೇಳಿದ್ದೆ. ನಾನೇ. ಅವನು ಸ್ಕ್ಯಾನ್ ಮಾಡುವಾಗಲೇ ಅಷ್ಟು ಬಿಟ್ಟುಬಿಟ್ಟ. ಫ್ರೇಮು ಹಾಕಿದ ಆ ಫೋಟೊ ಈಗಲೂ ಅಮ್ಮನ ಕೋಣೆಯಲ್ಲಿದೆ. ಮೂರು ಜನ, ಹುಲ್ಲು, ದೇವಸ್ಥಾನ. ಎಲ್ಲ ಕ್ಲೀನು.

ಅಪ್ಪ ಇರುವ ಫೋಟೊ ನಮ್ಮಲ್ಲಿ ಎರಡೇ. ಒಂದು ಮದುವೆಯದ್ದು. ಇನ್ನೊಂದು ಸರ್ವಿಸ್ ಪುಸ್ತಕಕ್ಕೆ ಅಂತ ತೆಗೆಸಿದ ಪಾಸ್‌ಪೋರ್ಟ್ ಸೈಜು. ಮಿಕ್ಕ ಎಲ್ಲದರಲ್ಲೂ ಕ್ಯಾಮೆರಾದ ಹಿಂದೆ ಇದ್ದವರು ಅವರೇ.

ಆ ಭಾನುವಾರ ರಾತ್ರಿ ದಾವಣಗೆರೆಯ ತಂಗಿಗೆ ಫೋನ್ ಮಾಡಿದೆ. ಹಳೇ ಆಲ್ಬಂ ಅವಳ ಹತ್ತಿರ ಇರಬೇಕು. ಕಪ್ಪು ಹಾಳೆಯದ್ದು, ಮಧ್ಯೆ ಮಧ್ಯೆ ಬಟರ್ ಪೇಪರ್ ಇರುವಂಥದ್ದು. ಅಟ್ಟ ಹತ್ತಬೇಕು ಕಣೋ ಅಂತ ಗೊಣಗಿದಳು. ಹತ್ತು ಗಂಟೆ ದಾಟಿದ ಮೇಲೆ ವಾಟ್ಸಾಪಿಗೆ ಒಂದು ಚಿತ್ರ ಬಂತು. ಚೌಕದ ಪುಟ್ಟ ಪ್ರಿಂಟು, ಒಂದು ಕಡೆ ಗೋಂದು ಹಳದಿಯಾಗಿದೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ತೆಗೆದಿದ್ದಾಳೆ. ಅವಳ ಕೈ ಮತ್ತು ಮೊಬೈಲಿನ ನೆರಳು ಬಲಗಡೆಯಿಂದ ಬಂದು ಪ್ರಿಂಟಿನ ಅರ್ಧದವರೆಗೂ ಬಿದ್ದಿದೆ. ಎಡಗಡೆಯಿಂದ ಅಪ್ಪನದ್ದು.

ಕೆಳಗೆ ಬರೆದಿದ್ದಳು: ‘ಸರಿಯಾಗಿ ಬಂದಿಲ್ಲ. ನಾಳೆ ಬಿಸಿಲಲ್ಲಿ ಇನ್ನೊಂದು ತೆಗೆದು ಕಳಿಸ್ತೀನಿ.’